ಕೊರಮೀನು ಮೇಲೆ ಬಂದು ಬಾಯಿ ತೆರೆಯುವುದೇಕೆ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳ ಬೆನ್ನು ಆರಿರಲಿಲ್ಲ. ಕೆರೆಯ ಏರಿಯ ಮೇಲೆ ನಡೆದರೆ ಹೆಜ್ಜೆ ಮಣ್ಣಿನೊಳಗೆ ಇಳಿಯುತ್ತಿತ್ತು. ಮೊದಲನೆಯ ಮಳೆ ಬಂದು, ಮೊದಲನೆಯ ಕೆರೆ ತುಂಬಿ, ಮೊದಲನೆಯ ಕೋಡಿ ಹರಿದು ಇನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಆಗ ಬಣ್ಣ ಹಂಚುವ ಕೆಲಸ ಅರ್ಧಕ್ಕೆ ನಿಂತಿತ್ತು. ದೊಡ್ಡವರಿಗೆಲ್ಲ ಸಿಕ್ಕಿತ್ತು, ಚಿಕ್ಕವರಿಗೆ ಸಿಕ್ಕಿರಲಿಲ್ಲ. ಬೆಳ್ಳಕ್ಕಿಗೆ ಬಿಳಿ, ಕಪ್ಪೆಗೆ ಹಸಿರು, ಗೆಂಡೆ ಮೀನಿಗೆ ಬೆಳ್ಳಿಯ ಬಣ್ಣ ಬಂದಿತ್ತು. ಮರಿ ಮೀನುಗಳಿಗೆ ಮಾತ್ರ ಯಾವ ಬಣ್ಣವೂ ಇರಲಿಲ್ಲ. ಅವು ನೀರಿನ ಹಾಗೇ ಇದ್ದವು. ತೀರ ಹತ್ತಿರ ಹೋಗಿ ನೋಡಿದರೆ ಸಾಸಿವೆಗಿಂತ ಸಣ್ಣ ಎರಡು ಕಣ್ಣು ಕಾಣಿಸುತ್ತಿದ್ದವು, ಅಷ್ಟೇ.

ಆ ಕೆರೆಯಲ್ಲಿ ಒಂದು ಕೊರಮೀನು ಇತ್ತು. ಎಲ್ಲರೂ ಅವಳನ್ನು ಕೊರಕ್ಕ ಅಂತ ಕರೆಯುತ್ತಿದ್ದರು. ಕಪ್ಪು ಮೈ, ಮೊಳಕ್ಕಿಂತ ಉದ್ದ, ಹಾವಿನ ತಲೆ. ಬಾಯಿಯ ಮಾತಂತೂ ಕೇಳಲೇಬೇಡಿ. ಅವಳು ಬಾಯಿ ತೆರೆದರೆ ಒಂದು ಸೋರೆಬುರುಡೆಯಷ್ಟು ನೀರು ಒಂದೇ ಗುಟುಕಿಗೆ ಒಳಗೆ ಹೋಗುತ್ತಿತ್ತು.

ಬೇರೆ ಮೀನುಗಳು ಮೊಟ್ಟೆ ಇಟ್ಟವು, ಹೊರಟವು. ಮಕ್ಕಳ ಪಾಡು ಮಕ್ಕಳದು, ನಮ್ಮ ಪಾಡು ನಮ್ಮದು ಅಂದುಬಿಟ್ಟವು. ಕೊರಕ್ಕ ಹಾಗಲ್ಲ. ಅವಳ ಗಂಡ ಕೋಡಿ ಹರಿದಾಗ ನೀರಿನ ಜೊತೆ ಕೆಳಗಿನ ಕೆರೆಗೆ ಹೋದವನು ಅಲ್ಲೇ ಉಳಿದಿದ್ದ. ಅವಳೊಬ್ಬಳೇ ಜೊಂಡು ಮುರಿದು, ಮೊರದಷ್ಟು ಅಗಲ ಜಾಗ ಹಸನು ಮಾಡಿ, ಮೊಟ್ಟೆ ಇಟ್ಟು, ಊಟ ನಿದ್ದೆ ಬಿಟ್ಟು ಕಾದಳು. ಮೂರನೆಯ ದಿನ ಮರಿಗಳು ಹೊರಗೆ ಬಂದವು.

ಎಷ್ಟು ಮರಿಗಳು? ಎಣಿಸಲು ಆಗುತ್ತಿರಲಿಲ್ಲ, ಕಾಣಿಸಿದರಲ್ಲವೇ ಎಣಿಸುವುದು. ಕೊರಕ್ಕ ಒಂದು ಉಪಾಯ ಮಾಡಿದಳು. ಮರಿಗಳನ್ನೆಲ್ಲ ಒಂದು ತಾವರೆ ಎಲೆಯ ನೆರಳಿನೊಳಗೆ ಸೇರಿಸಿದಳು. ನೆರಳಿನ ತುಂಬ ಪುಟ್ಟ ಪುಟ್ಟ ಕಣ್ಣುಗಳು ಮಿಣಮಿಣ ಅಂದವು. ಒಂದು ಎಲೆಯಷ್ಟು ಮಕ್ಕಳು ಅಂತ ಲೆಕ್ಕ ಹಿಡಿದಳು. ಅವಳ ಎದೆ ತುಂಬಿ ಬಂತು. ತುಂಬಿದ ಎದೆಯೊಳಗೆ ಆ ಕೂಡಲೇ ಒಂದು ಅನುಮಾನವೂ ಬಂದು ಕೂತಿತು.

ಇಷ್ಟು ಚಂದದ ಮಕ್ಕಳನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ?

ಅದೇ ಹೊತ್ತಿಗೆ ಏಡಿ ಆ ಕಡೆಯಿಂದ ಬಂತು.

"ಎಲ್ಲಿಗೆ ಹೊರಟೆ?" ಅಂದಳು ಕೊರಕ್ಕ.

"ಬಿಲಕ್ಕೆ ಹೊರಟೆ ಕಣಕ್ಕ," ಅಂದಿತು ಏಡಿ.

"ಬಿಲಕ್ಕೆ ಹೋಗೋರು ನೆಟ್ಟಗೆ ಹೋಗ್ತಾರೆ. ನೀನ್ಯಾಕೆ ಅಡ್ಡಡ್ಡ ಹೋಗ್ತೀಯ?"

"ನಾನು ಹುಟ್ಟಿದಾಗಿಂದ ಹಿಂಗೇ ನಡೆಯೋದು."

"ಸುಳ್ಳು. ಅಡ್ಡ ನಡೆದರೆ ಒಂದು ಕಣ್ಣು ದಾರಿ ಮೇಲೆ ಇರುತ್ತೆ, ಇನ್ನೊಂದು ಕಣ್ಣು ನನ್ನ ಮಕ್ಕಳ ಮೇಲೆ ಇರುತ್ತೆ. ನನಗೆ ಗೊತ್ತಾಗಲ್ಲ ಅಂದ್ಕೊಂಡೆಯಾ?"

ಏಡಿ ಏನೋ ಹೇಳಲು ಹೋಯಿತು. ಕೊರಕ್ಕ ಕೇಳಲಿಲ್ಲ. ಬಾಲ ಬಡಿದು, ಬಾಯಿ ಅಗಲಿಸಿಕೊಂಡು ನುಗ್ಗಿದಳು. ಏಡಿ ಬಿಲದೊಳಗೆ ಹೊಕ್ಕು ಬಾಗಿಲಿಗೆ ಮಣ್ಣು ಮೆತ್ತಿಕೊಂಡಿತು. ಕೊರಕ್ಕನಿಗೆ ಗಂಟಲಲ್ಲಿ ಏನೋ ಕಚಗುಳಿ ಇಟ್ಟ ಹಾಗಾಯಿತು. ಸಿಟ್ಟು ಬಂದರೆ ಗಂಟಲು ಹೀಗೇ ಆಗುತ್ತದೆ ಅಂದುಕೊಂಡು ನುಂಗಿಕೊಂಡಳು.

ವಾಪಸು ಬಂದು ನೋಡುತ್ತಾಳೆ, ಎಲೆಯ ನೆರಳಿನ ಒಂದು ಅಂಚು ಖಾಲಿ.

ಕೊರಕ್ಕ ಎರಡು ಸಲ ಸುತ್ತಿ ನೋಡಿದಳು. ಖಾಲಿಯೇ. ಏಡಿ ಬಿಲದಲ್ಲಿದೆ, ಅದರ ಕೊಂಡಿಗಳು ಖಾಲಿ ಇದ್ದದ್ದನ್ನು ಅವಳೇ ನೋಡಿದ್ದಾಳೆ. ಹಾಗಾದರೆ ಏನಾಯಿತು? ಯೋಚಿಸಿ ಯೋಚಿಸಿ ಅವಳಿಗೆ ಹೊಳೆಯಿತು. ಏಡಿ ಕಳ್ಳನಲ್ಲ, ಕಳ್ಳನ ಜೊತೆಗಾರ. ಅದು ಈ ಕಡೆ ಬಂದು ತನ್ನನ್ನು ಎಳೆದುಕೊಂಡು ಹೋಗುವುದು, ಇನ್ನೊಬ್ಬ ಆ ಕಡೆಯಿಂದ ಬಂದು ಮಕ್ಕಳನ್ನು ಎತ್ತುವುದು. ಇಬ್ಬರು ಸೇರಿ ಮಾಡಿದ ಕೆಲಸ ಇದು.

ಅನುಮಾನಕ್ಕೆ ಹೀಗೆ ಒಂದು ಚಿಕ್ಕ ಜಾಗ ಕೊಟ್ಟರೆ ಸಾಕು, ಚಾಪೆ ಹಾಸಿಕೊಂಡು ಮಲಗಿಬಿಡುತ್ತದೆ.

ಮಾರನೆಯ ದಿನ ಬೆಳ್ಳಕ್ಕಿ ಬಂದು ತೆಳುನೀರಿನಲ್ಲಿ ಒಂಟಿಕಾಲಲ್ಲಿ ನಿಂತಿತು. ಅದು ಮೀನು ಹಿಡಿಯಲು ಬಂದಿರಲಿಲ್ಲ. ರಾತ್ರಿ ತುಂಬ ತಿಂದು ಹೊಟ್ಟೆ ಭಾರವಾಗಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತಿರೋಣ ಅಂತ ಬಂದಿತ್ತು.

"ಇನ್ನೊಂದು ಕಾಲು ಎಲ್ಲಿ?" ಅಂದಳು ಕೊರಕ್ಕ.

"ಮಡಚಿಕೊಂಡಿದ್ದೀನಿ."

"ಯಾಕೆ ಮಡಚಿಕೊಂಡೆ? ಅದರಲ್ಲಿ ಏನು ಹಿಡ್ಕೊಂಡಿದ್ದೀಯ?"

"ಏನೂ ಇಲ್ಲ. ಬೇಕಾದರೆ ನೋಡು," ಅಂತ ಬೆಳ್ಳಕ್ಕಿ ಆ ಕಾಲು ಬಿಟ್ಟು ಈ ಕಾಲು ಮಡಚಿಕೊಂಡಿತು.

"ನೋಡಿದೆ, ನೋಡಿದೆ. ಈಗ ಆ ಕಾಲಿಂದ ಈ ಕಾಲಿಗೆ ಬದಲಾಯಿಸಿಕೊಂಡೆ."

ಇಂಥವರ ಜೊತೆ ಏನು ಮಾತಾಡುವುದು? ಬೆಳ್ಳಕ್ಕಿ ಕಣ್ಣು ಮುಚ್ಚಿತು. ಕಣ್ಣು ಮುಚ್ಚಿದ್ದೇ ತಪ್ಪಾಯಿತು. ತಪ್ಪು ಮಾಡಿದವರು ಮಾತ್ರ ಕಣ್ಣು ಮುಚ್ಚುತ್ತಾರೆ ಅಂತ ಕೊರಕ್ಕ ಬಾಲ ಬಡಿದು, ಬಾಯಿ ಅಗಲಿಸಿಕೊಂಡು ನುಗ್ಗಿದಳು. ಬೆಳ್ಳಕ್ಕಿ ಕಿರುಚಿಕೊಂಡು ಹಾರಿ ಹೋಯಿತು. ಗಂಟಲಲ್ಲಿ ಮತ್ತೆ ಕಚಗುಳಿ. ಮತ್ತೆ ಸಿಟ್ಟನ್ನು ನುಂಗಿಕೊಂಡಳು. ವಾಪಸು ಬಂದು ನೋಡಿದರೆ ಎಲೆಯ ನೆರಳು ಅರ್ಧ ಖಾಲಿ.

ಕೊರಕ್ಕ ಅತ್ತಳು. ನೀರಿನೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ, ಅದಕ್ಕೇ ಅವಳ ಸಂಕಟ ಯಾರಿಗೂ ತಿಳಿಯಲಿಲ್ಲ. ಉಳಿದ ಮರಿಗಳ ಸುತ್ತ ಸುತ್ತಿದಳು. ಕಣ್ಣು ಮುಚ್ಚಲಿಲ್ಲ, ಹುಳ ಹುಪ್ಪಟೆ ತಿನ್ನಲಿಲ್ಲ. ಒಂದು ಎಲೆಯಷ್ಟು ಇದ್ದವರು ಅರ್ಧ ಎಲೆಯಷ್ಟು ಆದರು, ಈ ಅರ್ಧವನ್ನಾದರೂ ಉಳಿಸಿಕೊಳ್ಳಬೇಕು ಅಂತ ಅದೊಂದೇ ಜಪ.

ಮರುದಿನ ಬೆಳಗ್ಗೆ ಗಾಳಿಗೆ ಅವಳನ್ನು ನೋಡಿ ಅಯ್ಯೋ ಅನ್ನಿಸಿತು. ಕೆರೆಯ ಮೇಲೆ ಓಡಾಡುವ ಗಾಳಿಗೆ ಮೇಲಿಂದ ಎಲ್ಲ ಕಾಣಿಸುತ್ತದೆ. ಅದು ಮೆಲ್ಲಗೆ ಬಂದು, "ಕೊರಕ್ಕ, ನಿನ್ನ ಮಕ್ಕಳು ಎಲ್ಲಿ ಹೋದವು ಅಂತ ನಾನು ಹೇಳ್ತೀನಿ, ಸಮಾಧಾನವಾಗಿ ಕೇಳು," ಅಂದಿತು.

"ನಿನಗೆ ಹೇಗೆ ಗೊತ್ತು?" ಅಂದಳು ಕೊರಕ್ಕ.

"ನೋಡಿದೆ."

"ನೋಡಿದ್ದು ಯಾವಾಗ? ಈಗಲ್ಲ, ನಿನ್ನೆ. ನಿನ್ನೆ ನೋಡಿದವನು ನಿನ್ನೆಯೇ ಯಾಕೆ ಹೇಳಲಿಲ್ಲ? ಸುಮ್ಮನೆ ನಿಂತು ನೋಡಿದವನೂ ಕಳ್ಳನ ಕಡೆಯವನೇ. ಅದೂ ಅಲ್ಲದೆ ನೀನು ಬಂದಾಗಲೆಲ್ಲ ನೀರು ನಡುಗುತ್ತೆ, ನನಗೆ ಮಕ್ಕಳೇ ಕಾಣಲ್ಲ. ಯಾರಿಗೆ ಅನುಕೂಲ ಮಾಡಿಕೊಡೋಕೆ ನೀರು ನಡುಗಿಸ್ತೀಯ?"

"ಅಲ್ಲ ಕಣಕ್ಕ, ನೀನು ನುಗ್ಗಿದಾಗ..."

"ನನ್ನ ಮೇಲೇ ಹೇಳೋಕೆ ಬಂದೆಯಾ? ಹೋಗು."

ಗಾಳಿಗೂ ಮಾನ ಮರ್ಯಾದೆ ಇರುತ್ತದೆ. ಅದು ಮುಖ ತಿರುಗಿಸಿಕೊಂಡು ಆಚೆ ದಡದ ಹೊಂಗೆಮರಕ್ಕೆ ಹೋಗಿ ಕೂತಿತು. ಆ ದಿನವೆಲ್ಲ ಕೆರೆಯ ಮೇಲೆ ಒಂದು ಸುಕ್ಕೂ ಏಳಲಿಲ್ಲ.

ಗಾಳಿ ನಿಂತು ಕೆರೆ ಮೌನವಾದಾಗ ಕೊರಕ್ಕನಿಗೆ ಒಂದು ಸದ್ದು ಕೇಳಿಸಿತು.

ಕುಟ್, ಕುಟ್, ಕುಟ್.

ಏರಿಯ ಕಡೆಯಿಂದ ಬರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಕುಟ್, ಕುಟ್, ಕುಟ್. ಯಾರೋ ಏನನ್ನೋ ಜಜ್ಜುತ್ತಿದ್ದರು. ಏನೋ ಸಣ್ಣದನ್ನು, ಮೆತ್ತಗಿರುವುದನ್ನು.

ಕೊರಕ್ಕ ಜೊಂಡಿನ ಮರೆಯಲ್ಲಿ ತಲೆ ಎತ್ತಿ ನೋಡಿದಳು. ಏರಿಯ ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಅವಳ ಹೆಸರು ಸಣ್ಣೀರಜ್ಜಿ. ಆ ಕೆರೆಗೆ ಮೊಟ್ಟಮೊದಲು ಗಾಳ ಹಾಕಿದವಳು ಅವಳೇ. ಬಿದಿರಿನ ಕೋಲು, ಪುಂಡಿನಾರಿನ ದಾರ, ಜಾಲಿಮುಳ್ಳಿನ ಗಾಳ, ನೀರಿನ ಮೇಲೆ ತೇಲಲು ನವಿಲುಗರಿಯ ದಂಟಿನ ತುಂಡು. ಪಕ್ಕದಲ್ಲಿ ಒಂದು ಬುಟ್ಟಿ, ಒಂದು ಸೋರೆಬುರುಡೆ. ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬಾಯಲ್ಲಿದ್ದ ಎಲೆ ಅಡಿಕೆಯ ರಸವನ್ನು ಅದರ ಮೇಲೆ ಥೂ ಥೂ ಥೂ ಅಂತ ಮೂರು ಸಲ ಉಗುಳಿ ನೀರಿಗೆ ಬಿಡುತ್ತಿದ್ದಳು. ಹಾಗೆ ಮಾಡಿದರೆ ಮೀನು ಕಚ್ಚುತ್ತದೆ ಅಂತ ಅವಳ ನಂಬಿಕೆ. ಆಮೇಲೆ ಮಡಿಲಲ್ಲಿದ್ದ ಕಲ್ಲಿನ ಕುಟ್ಟಾಣಿಯಲ್ಲಿ ಮತ್ತೆ ಎಲೆ ಅಡಿಕೆ ಕುಟ್ಟುತ್ತಿದ್ದಳು, ಹಲ್ಲಿಲ್ಲದವರು ಕುಟ್ಟಿಯೇ ಹಾಕಿಕೊಳ್ಳಬೇಕಲ್ಲ.

"ಅಜ್ಜಿ," ಅಂದಳು ಕೊರಕ್ಕ, "ಅದರೊಳಗೆ ಏನು ಕುಟ್ತಿದ್ದೀಯ?"

"ಎಲೆ ಅಡಿಕೆ ಕಣವ್ವ."

"ತೋರಿಸು."

ಅಜ್ಜಿ ಕುಟ್ಟಾಣಿ ಬಗ್ಗಿಸಿ ತೋರಿಸಿದಳು. ಒಳಗೆ ಕೆಂಪಗೆ ಮುದ್ದೆಯಾಗಿತ್ತು.

"ರಕ್ತ," ಅಂದಳು ಕೊರಕ್ಕ.

"ರಕ್ತ ಅಲ್ಲ ಕಣೆ, ಸುಣ್ಣ ಬಿದ್ದದ್ದಕ್ಕೆ ಕೆಂಪಾಗೈತೆ."

"ನಿನ್ನ ಬಾಯಿ ತೆಗಿ, ನೋಡೋಣ."

ಅಜ್ಜಿಗೆ ನಗು ಬಂತು. ಆದರೂ ಬಾಯಿ ತೆರೆದು ತೋರಿಸಿದಳು. ಒಂದೇ ಒಂದು ಹಲ್ಲಿರಲಿಲ್ಲ. "ನೋಡ್ದೇನೆ? ಇದ್ರಾಗೆ ನಿನ್ನ ಮಕ್ಕಳನ್ನ ಎಂಗೆ ಅಗೀಲಿ ನಾನು?"

"ಅಗಿಯೋಕೆ ಆಗದೋರು ಇಡಿಯಾಗಿ ನುಂಗ್ತಾರೆ," ಅಂದಳು ಕೊರಕ್ಕ.

ಅಜ್ಜಿಯ ನಗು ಹೋಯಿತು. "ನಿಂಗ್ಯಾರು ಮಾತು ಕಲಿಸಿದ್ರೋ ಏನೋ. ಅಲ್ಲ ಕಣೆ, ಮೂರು ದಿನದಿಂದ ಇಲ್ಲಿ ಕೂತಿವ್ನಿ, ಒಂದು ಗೆಂಡೆ ಕಚ್ಚಿಲ್ಲ. ನೀನು ಹಿಂಗೆ ಕಂಡೋರ ಮೇಲೆಲ್ಲ ಬಿದ್ದು ರಂಪ ಮಾಡಿದ್ರೆ ಮೀನೆಲ್ಲ ಆಚೆ ದಡ ಸೇರ್ಕಳದೆ ಇನ್ನೇನು? ನನ್ನ ಬುಟ್ಟಿ ನೋಡು. ಮೂರು ದಿನದಿಂದ ಬರೀ ಸೊಪ್ಪಿನ ಸಾರು."

"ಬುಟ್ಟಿ ಯಾಕೆ ಖಾಲಿ ಅಂತ ನನಗೆ ಗೊತ್ತು. ತಿಂದು ಖಾಲಿ ಮಾಡಿದ್ದೀಯ."

"ಹಂಗಾದ್ರೆ ನಿನ್ನ ಬಾಯೂ ತೋರ್ಸು, ನೋಡಾಣ," ಅಂದಳು ಅಜ್ಜಿ.

ಕೊರಕ್ಕ ರೇಗಿಹೋದಳು. "ನಾನು ತಾಯಿ," ಅಂದು ನೀರೊಳಗೆ ಮುಳುಗಿಬಿಟ್ಟಳು.

ಅಲ್ಲಿಂದ ಮುಂದೆ ಕೊರಕ್ಕನ ಒಂದು ಕಣ್ಣು ಮರಿಗಳ ಮೇಲೆ, ಒಂದು ಕಣ್ಣು ಏರಿಯ ಮೇಲೆ. ಮಧ್ಯಾಹ್ನದ ಹೊತ್ತಿಗೆ ಒಂದು ಹಸಿರು ಕಪ್ಪೆ ಕುಪ್ಪಳಿಸಿಕೊಂಡು ಅಜ್ಜಿಯ ಹತ್ತಿರ ಹೋಯಿತು. ಬೆಳಗ್ಗೆಯಷ್ಟೇ ಕೊರಕ್ಕ ಆ ಕಪ್ಪೆಯನ್ನು ಕಳ್ಳ ಅಂತ ಬೈದು, ಬಾಯಿ ಅಗಲಿಸಿಕೊಂಡು ನುಗ್ಗಿ ತಾವರೆ ಎಲೆಯಿಂದ ಓಡಿಸಿದ್ದಳು. ಈಗ ಅದು ಅಜ್ಜಿಯ ಕಾಲ ಬಳಿ ಕೂತು ಏನೋ ದೂರು ಹೇಳಿತು. ಅಜ್ಜಿ ತಲೆಯಾಡಿಸಿದಳು. ಆಮೇಲೆ ತನ್ನ ಹಸಿರು ಸೀರೆಯ ಸೆರಗಿನ ತುದಿಯಿಂದ ಒಂದು ಹರಕು ಕಿತ್ತು, ಕೆರೆಗೆ ಬೆನ್ನು ಹಾಕಿ ಕೂತು, ಕೈಯಲ್ಲಿ ಏನೋ ಸುತ್ತತೊಡಗಿದಳು. ಮಧ್ಯೆ ಮಧ್ಯೆ ಕಪ್ಪೆಯನ್ನು ನೋಡುವುದು, "ಅಳ್ಳಾಡಬ್ಯಾಡ, ನೆಟ್ಟಗೆ ಕೂತ್ಕ," ಅನ್ನುವುದು, ಮತ್ತೆ ಸುತ್ತುವುದು.

ಇಬ್ಬರೂ ಸೇರಿ ನನ್ನ ವಿರುದ್ಧ ಏನೋ ಮಸಲತ್ತು ಮಾಡುತ್ತಿದ್ದಾರೆ ಅಂದುಕೊಂಡಳು ಕೊರಕ್ಕ. ಇದೊಂದು ಸಲ ಮಾತ್ರ ಅವಳ ಅನುಮಾನ ಸರಿಯಾಗಿತ್ತು. ಸಣ್ಣೀರಜ್ಜಿ ಪೆದ್ದಿಯಲ್ಲ. ಈ ಕೊರಮೀನು ಹಸಿವಿಗೆ ಬಾಯಿ ಹಾಕುವುದಲ್ಲ, ಎರೆಹುಳು ಬಿಟ್ಟರೆ ಮೂಸಿಯೂ ನೋಡುವುದಿಲ್ಲ, ಇದಕ್ಕೆ ಬೇಕಾಗಿರುವುದು ಒಬ್ಬ ಕಳ್ಳ ಅಂತ ಅವಳಿಗೆ ಅರ್ಥವಾಗಿತ್ತು. ಕಳ್ಳನನ್ನೇ ಮಾಡಿಕೊಟ್ಟರಾಯಿತು. ಇದನ್ನೊಂದು ಹಿಡಿದರೆ ಕೆರೆಗೂ ನೆಮ್ಮದಿ, ರಾತ್ರಿಗೆ ಸಾರಿಗೂ ಆಯಿತು.

ಹೊತ್ತು ಇಳಿಯುವ ಮೊದಲು ತಾವರೆ ಎಲೆಗಳ ಆಚೆ ಪಚ್ ಅಂತ ಏನೋ ಬಿತ್ತು. ಹಸಿರು ಬಣ್ಣದ್ದು. ನಾಲ್ಕು ಕಾಲು. ಎಲೆಯ ಮೇಲೆ ಪಚ್ ಪಚ್ ಅಂತ ಒಂದು ಗೇಣು ಬರುವುದು, ನಿಲ್ಲುವುದು. ಮತ್ತೆ ಒಂದು ಗೇಣು ಬರುವುದು, ನಿಲ್ಲುವುದು.

"ಯಾರು?" ಅಂದಳು ಕೊರಕ್ಕ.

ಅದು ಮಾತಾಡಲಿಲ್ಲ. ಪಚ್ ಪಚ್. ನಿಂತಿತು.

"ಯಾರು ಅಂತ ಕೇಳಿದೆ."

ಮಾತಿಲ್ಲ. ಪಚ್ ಪಚ್. ನೇರವಾಗಿ ಮರಿಗಳ ಕಡೆಗೇ ಬರುತ್ತಿತ್ತು.

ಕೊರಕ್ಕನಿಗೆ ಇನ್ನು ಯಾವ ಸಂದೇಹವೂ ಉಳಿಯಲಿಲ್ಲ. ಏಡಿ ಉತ್ತರ ಕೊಟ್ಟಿತ್ತು, ಬೆಳ್ಳಕ್ಕಿ ಉತ್ತರ ಕೊಟ್ಟಿತ್ತು, ಗಾಳಿ ಉತ್ತರ ಕೊಟ್ಟಿತ್ತು, ಮುದುಕಿ ಕೂಡ ಉತ್ತರ ಕೊಟ್ಟಿದ್ದಳು. ಉತ್ತರ ಕೊಡದವನು ಇವನೊಬ್ಬನೇ. ಇವನೇ ಅವನು. ಅವಳು ಮೈಯಲ್ಲಿದ್ದ ಅಷ್ಟೂ ಬಲ ಹಾಕಿ ಬಾಲ ಬಡಿದಳು. ಅಷ್ಟೂ ಬಾಯಿ ಅಗಲಿಸಿಕೊಂಡು ನುಗ್ಗಿದಳು. ಗಪ್ ಅಂತ ಕಚ್ಚಿದಳು.

ಬಾಯಿಗೆ ಸಿಕ್ಕಿದ್ದು ಬಟ್ಟೆ. ಬಟ್ಟೆಯೊಳಗಿನ ಮುಳ್ಳು ತುಟಿಗೆ ನಾಟಿತು.

ಮೇಲೆ ಬಿದಿರುಕೋಲು ಬಿಲ್ಲಾಗಿ ಬಾಗಿತು. ಕೊರಕ್ಕ ಜೊಂಡಿಗೆ ಸುತ್ತಿದಳು, ತಳಕ್ಕೆ ಇಳಿದಳು, ಮೇಲಕ್ಕೆ ನೆಗೆದಳು. ಪುಂಡಿನಾರು ಹರಿಯಲಿಲ್ಲ. ಸಣ್ಣೀರಜ್ಜಿ ಕಲ್ಲಿಗೆ ಕಾಲು ಕೊಟ್ಟು, ಸೊಂಟಕ್ಕೆ ಕೋಲು ಆನಿಸಿಕೊಂಡು, ಬಿಟ್ಟು ಎಳೆದು ಬಿಟ್ಟು ಎಳೆದು ಕೊನೆಗೆ ಅವಳನ್ನು ದಡದ ಹುಲ್ಲಿಗೆ ತಂದಳು.

"ಎಂಗೆ ಕಚ್ಚವ್ಳೆ ನೋಡು," ಅಂತ ಅಜ್ಜಿ ಮುಳ್ಳು ಬಿಡಿಸಲು ಕೊರಕ್ಕನ ಬಾಯಿ ಅಗಲಿಸಿದಳು. ಬಟ್ಟೆಯ ಕಪ್ಪೆಯನ್ನು ಹೊರಗೆ ತೆಗೆದಳು. ತೆಗೆದವಳು ಅಲ್ಲೇ ನಿಂತುಬಿಟ್ಟಳು. ಬಾಗಿ, ಕಣ್ಣು ಕಿರಿದು ಮಾಡಿ ಒಳಗೆ ನೋಡಿದಳು. ಸೋರೆಬುರುಡೆಯಲ್ಲಿ ಕೆರೆಯ ನೀರು ತುಂಬಿಕೊಂಡು, ಕೊರಕ್ಕನ ಬಾಯಿಯನ್ನು ಮೆಲ್ಲಗೆ ಅದರೊಳಗೆ ತೊಳೆದಳು.

"ಕಳ್ಳ ಸಿಕ್ದ ಕಣೆ," ಅಂದಳು ಅಜ್ಜಿ. ಅವಳ ದನಿ ಬದಲಾಗಿತ್ತು.

"ಯಾರು?"

ಅಜ್ಜಿ ಬುರುಡೆಯನ್ನು ಕೊರಕ್ಕನ ಕಣ್ಣಿನ ಹತ್ತಿರ ಹಿಡಿದಳು. ನೀರಿನೊಳಗೆ ಸಾಸಿವೆಗಿಂತ ಸಣ್ಣ ಕಣ್ಣುಗಳು ಓಡಾಡುತ್ತಿದ್ದವು. ಎಂಟೋ ಹತ್ತೋ ಮರಿಗಳು.

"ನೀನೇ ಇಟ್ಟಿದ್ದೀಯ," ಅಂದಳು ಕೊರಕ್ಕ. "ನನ್ನ ಬಾಯಿಗೆ ನೀನೇ ಇಟ್ಟು, ನೀನೇ ತೆಗೆದು ತೋರಿಸ್ತಿದ್ದೀಯ. ನನಗೆ ಗೊತ್ತಾಗಲ್ಲ ಅಂದ್ಕೊಂಡೆಯಾ?"

ಅಜ್ಜಿ ಜಗಳಕ್ಕೆ ಹೋಗಲಿಲ್ಲ. ಬುರುಡೆಯನ್ನು ಕೊರಕ್ಕನ ಬಾಯಿಯ ಪಕ್ಕದಲ್ಲೇ ಇಟ್ಟಳು. ಅಷ್ಟರಲ್ಲಿ ಅವಳ ಗಂಟಲೊಳಗೆ ಏನೋ ಅಲುಗಿತು. ಸಣ್ಣಗೆ ಕಚಗುಳಿ ಇಟ್ಟ ಹಾಗೆ. ಇನ್ನೂ ಒಂದು ಮರಿ ಅಲ್ಲಿತ್ತು.

ಆ ಕಚಗುಳಿ ಅವಳಿಗೆ ಗೊತ್ತಿತ್ತು. ಏಡಿಯ ಮೇಲೆ ನುಗ್ಗಿದಾಗ ಆಗಿತ್ತು. ಬೆಳ್ಳಕ್ಕಿಯ ಮೇಲೆ ನುಗ್ಗಿದಾಗ ಆಗಿತ್ತು. ಅವಳು ಅದನ್ನು ಸಿಟ್ಟು ಅಂದುಕೊಂಡಿದ್ದಳು.

ಅವಳು ನುಗ್ಗಿದಾಗಲೆಲ್ಲ ಅಮ್ಮ ಬಂದಳು ಅಂತ ಮರಿಗಳು ಎದುರಿಗೆ ಓಡಿ ಬಂದಿದ್ದವು. ಬಾಯಿ ತೆರೆದಿತ್ತು. ಅವಕ್ಕೆ ಬಣ್ಣವಿರಲಿಲ್ಲ. ನೀರಿನ ಜೊತೆ ನೀರಾಗಿ ಒಳಗೆ ಹೋಗಿದ್ದವು.

ಕೊರಕ್ಕ ಕೆಮ್ಮಿದಳು. ಕೊನೆಯ ಮರಿ ಬುರುಡೆಗೆ ಬಿತ್ತು. ಬುರುಡೆಯೊಳಗಿನ ಕಣ್ಣುಗಳನ್ನೇ ನೋಡಿದಳು. ಆಮೇಲೆ, "ಅಜ್ಜಿ, ನನ್ನನ್ನ ಬುಟ್ಟಿಗೆ ಹಾಕಿಬಿಡು," ಅಂದಳು.

ಸಣ್ಣೀರಜ್ಜಿ ಬುಟ್ಟಿ ನೋಡಿದಳು. ಖಾಲಿ. ಮೂರು ದಿನದ ಸೊಪ್ಪಿನ ಸಾರು ನೆನಪಾಯಿತು. ಕೊರಕ್ಕನನ್ನು ನೋಡಿದಳು. ಮೊಳಕ್ಕಿಂತ ಉದ್ದದ ಮೀನು, ಮುಳ್ಳು ಕಡಿಮೆ, ಹಲ್ಲಿಲ್ಲದವಳೂ ತಿನ್ನಬಹುದಾದ ಮೀನು. ಅವಳಿಗೆ ಆಸೆಯಾಯಿತು, ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

"ನಿನ್ನನ್ನ ಬುಟ್ಟಿಗೆ ಹಾಕಿದ್ರೆ ಆ ಉಳಿದವನ್ನ ಯಾರೆ ಕಾಯೋದು?" ಅಂದಳು.

"ಯಾರಾದರೂ ಕಾಯಲಿ. ನಾನೊಬ್ಬಳು ಬೇಡ."

"ಈ ಕೆರೇಲಿ ಮಕ್ಕಳನ್ನ ಕಾಯೋಳು ಅಂತ ಇದ್ರೆ ಅದು ನೀನೊಬ್ಳೆಯ. ಬ್ಯಾರೆಯೋರೆಲ್ಲ ಮೊಟ್ಟೆ ಇಟ್ಟು ಹೋದೋರು." ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದಳು. "ನೀನು ಕೆಟ್ಟೋಳಲ್ಲ ಕಣೆ. ಅವು ನಿನ್ನ ಕಣ್ಣಿಗೆ ಕಾಣ್ತಿಲ್ಲ, ಅಷ್ಟೆಯ."

ನಮ್ಮ ಅಜ್ಜಿಯಂದಿರು ಮಕ್ಕಳಿಗೆ ದೃಷ್ಟಿಯಾಗದಿರಲಿ ಅಂತ ಮಾಡುತ್ತಾರಲ್ಲ, ಹಾಗೆ ಸಣ್ಣೀರಜ್ಜಿ ಬುರುಡೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, "ಊರ ಕಣ್ಣು ಬ್ಯಾಡ, ಕೇರಿ ಕಣ್ಣು ಬ್ಯಾಡ, ಹೆತ್ತೋಳ ಬಾಯಿ ಮೊದಲೇ ಬ್ಯಾಡ," ಅಂತ ಥೂ ಥೂ ಥೂ ಮಾಡಿದಳು. ಎಲೆ ಅಡಿಕೆಯ ಕೆಂಪು ರಸ ನೀರಿನಲ್ಲಿ ಹರಡಿತು. ಬಣ್ಣವಿಲ್ಲದ ಮರಿಗಳು ಅದನ್ನು ಹೀರಿಕೊಂಡವು. ಒಂದು ಕೆಂಪಾಯಿತು, ಎರಡು ಕೆಂಪಾದವು, ಬುರುಡೆಯ ತುಂಬ ಕುಂಕುಮದ ಎಸಳುಗಳು ಓಡಾಡಿದ ಹಾಗಾಯಿತು.

ಅಜ್ಜಿ ಬುರುಡೆಯನ್ನು ಕೆರೆಗೆ ಬಗ್ಗಿಸಿದಳು. ಕೆಂಪು ಮರಿಗಳು ಅಣ್ಣ ತಮ್ಮಂದಿರ ಕಡೆಗೆ ಓಡಿ ಹೋಗಿ ಮೈಗೆ ಮೈ ಉಜ್ಜಿದವು. ಉಜ್ಜಿದವರಿಗೆಲ್ಲ ಬಣ್ಣ ಹತ್ತಿತು. ಸ್ವಲ್ಪ ಹೊತ್ತಿಗೆ ತಾವರೆ ಎಲೆಯ ನೆರಳಿನಲ್ಲಿ ಅಂಗೈಯಗಲ ಕೆಂಪು ಮಿಂಚತೊಡಗಿತು. ಅಷ್ಟೇ ಉಳಿದದ್ದು. ಒಂದು ಎಲೆಯಷ್ಟು ಇದ್ದವರು ಒಂದು ಅಂಗೈಯಷ್ಟು.

ಅಜ್ಜಿ ಕೊರಕ್ಕನನ್ನೂ ನೀರಿಗೆ ಬಿಟ್ಟಳು. ಅವಳು ಹೋಗಲಿಲ್ಲ. ದಡದಲ್ಲೇ ನಿಂತಳು.

"ಹೋಗೆ. ಈಗ ಕಾಣ್ತಾವಲ್ಲ."

"ಕಾಣ್ತಾವೆ," ಅಂದಳು ಕೊರಕ್ಕ. "ನನ್ನ ಬಾಯಿ ಒಳಗೆ ನನಗೆ ಕಾಣಲ್ಲವಲ್ಲ ಅಜ್ಜಿ. ಇನ್ನೂ ಯಾರಾದರೂ ಇದ್ದರೆ?"

ಅವಳು ತಲೆಯನ್ನು ನೀರಿನಿಂದ ಮೇಲೆ ಎತ್ತಿದಳು. ಮರಿಗಳ ಕಡೆಗೆ ಬಾಯಿ ತೆರೆಯಲು ಅವಳಿಗೆ ಭಯ, ಅದಕ್ಕೇ ಆಕಾಶದ ಕಡೆಗೆ ತೆರೆದಳು. ಸಣ್ಣೀರಜ್ಜಿ ಕಲ್ಲಿನಿಂದ ಬಗ್ಗಿ ಒಳಗೆ ಚೆನ್ನಾಗಿ ನೋಡಿದಳು.

"ಯಾರೂ ಇಲ್ಲ. ಹೋಗು," ಅಂದಳು.

ಕೊರಕ್ಕ ಮುಳುಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆ ಬಂದಳು, ಬಾಯಿ ತೆರೆದಳು.

"ಯಾರೂ ಇಲ್ಲ ಕಣೆ. ಹೋಗು."

ಅಂದಿನಿಂದ ಅದೇ ಅಭ್ಯಾಸವಾಯಿತು. ಅಜ್ಜಿ ಗಾಳ ಹಾಕಿಕೊಂಡು ಕೂತಿರುವುದು, ಗೆಂಡೆ ಮೀನುಗಳು ಒಂದೊಂದಾಗಿ ವಾಪಸು ಬರುವುದು, ಬುಟ್ಟಿ ತುಂಬುವುದು. ನಡುನಡುವೆ ಕೊರಕ್ಕ ಬಂದು ಬಾಯಿ ತೋರಿಸುವುದು, ಅಜ್ಜಿ ನೋಡಿ ಹೇಳುವುದು. ಏಡಿಯ ಹತ್ತಿರ, ಬೆಳ್ಳಕ್ಕಿಯ ಹತ್ತಿರ ಕೊರಕ್ಕ ತಪ್ಪಾಯಿತು ಅಂತ ಕೇಳಿಕೊಂಡಳೇ ಅಂದರೆ, ಇಲ್ಲ. ಮರಿಗಳಿಗೆ ಕೆಂಪು ಬಳಿಯಬಹುದು, ಮನಸ್ಸಿನೊಳಗಿನ ಅನುಮಾನವನ್ನು ತೊಳೆಯುವುದು ಅಷ್ಟು ಸುಲಭವಲ್ಲ. ಕೆಂಪಲ್ಲದ್ದು ಯಾವುದು ಹತ್ತಿರ ಬಂದರೂ ಅವಳು ಆಗಲೂ ನುಗ್ಗುತ್ತಿದ್ದಳು. ಮರಿಗಳಿಂದ ದೂರಕ್ಕೆ ಸುತ್ತುಹಾಕಿ, ಕೆಳಗಿನಿಂದ ಬರುತ್ತಿದ್ದಳು, ಅಷ್ಟೇ ವ್ಯತ್ಯಾಸ. ಗಾಳಿ ಮಾತ್ರ ದೊಡ್ಡ ಮನಸ್ಸು ಮಾಡಿ ತಾನೇ ವಾಪಸು ಬಂತು.

ಮರಿಗಳು ಬೆಳೆದವು. ಕೆಂಪು ತೊಳೆದು ಹೋಗಿ ಕಪ್ಪಾದವು. ಅವೂ ಜೊಂಡು ಮುರಿದು ಮೊಟ್ಟೆ ಇಟ್ಟವು. ಅವುಗಳ ಮರಿಗಳು ಹುಟ್ಟುವಾಗಲೇ ಕೆಂಪಗೆ ಹುಟ್ಟಿದವು.

ಒಂದು ದಿನ ಸಣ್ಣೀರಜ್ಜಿ ಬರಲಿಲ್ಲ. ವಯಸ್ಸಾದವರು ಹಾಗೇ, ಒಂದು ದಿನ ಬರುವುದಿಲ್ಲ. ಕೊರಕ್ಕನಿಗೆ ಮೊದಲು ಅನುಮಾನವೇ ಬಂತು. ಎಲ್ಲೋ ಮರೆಯಲ್ಲಿ ಕೂತು ಹೊಸ ಕಪ್ಪೆ ಸುತ್ತುತ್ತಿದ್ದಾಳೆ ಅಂದುಕೊಂಡಳು. ಸಂಜೆಯವರೆಗೂ ಕಾದಳು. ಏರಿಯ ಕಡೆಯಿಂದ ಕುಟ್ ಕುಟ್ ಕೇಳಿಸಲಿಲ್ಲ. ಆಗ ಅವಳಿಗೆ ತಿಳಿಯಿತು. ಅವಳು ಮೇಲೆ ಬಂದು ಖಾಲಿ ಕಲ್ಲಿನ ಕಡೆಗೆ ಬಾಯಿ ತೆರೆದಳು. ಯಾರೂ ಏನೂ ಹೇಳಲಿಲ್ಲ. ಮುಳುಗಿದಳು, ಮತ್ತೆ ಬಂದಳು.

ಈಗಲೂ ಮುಂಗಾರಿನ ಮೊದಲ ಮಳೆಯಾದ ಮೇಲೆ ಕೆರೆಗೆ ಹೋಗಿ ನೋಡಿ. ತಾವರೆ ಎಲೆಗಳ ನಡುವೆ ಕೆಂಪು ಮರಿಗಳ ಒಂದು ಹಿಂಡು ಕುದಿಯುವ ಹಾಗೆ ಮೇಲೆ ಕೆಳಗೆ ಆಗುತ್ತಿರುತ್ತದೆ. ತಿಳಿದ ಗಾಳದವರು ಅದನ್ನು ಕಂಡ ಕೂಡಲೇ ಕೋಲು ಎತ್ತಿಕೊಂಡು ಬೇರೆ ಜಾಗಕ್ಕೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಹರಕು ಬಟ್ಟೆ ಬಿಟ್ಟರೂ ತಾಯಿ ಮೀನು ನುಗ್ಗಿ ಬರುತ್ತದೆ, ಅಂಥದ್ದನ್ನು ಹಿಡಿಯಲು ಅವರಿಗೆ ಮನಸ್ಸು ಬರುವುದಿಲ್ಲ. ನೀವು ಸದ್ದು ಮಾಡದೆ ಅಲ್ಲೇ ನಿಲ್ಲಿ. ಹಿಂಡಿನ ಪಕ್ಕದಲ್ಲಿ ಒಂದು ಕಪ್ಪು ತಲೆ ಮೇಲೆ ಬಂದು, ಗುಳುಕ್ ಅಂತ ಆಕಾಶಕ್ಕೆ ಬಾಯಿ ತೆರೆದು, ಒಂದು ಗಳಿಗೆ ತಡೆದು, ಮತ್ತೆ ಮುಳುಗುತ್ತದೆ. ಅದು ನಿಮ್ಮನ್ನು ನಂಬಿದೆ ಅಂತಲ್ಲ, ತನ್ನ ಬಾಯನ್ನು ನಿಮಗಿಂತ ಕಡಿಮೆ ನಂಬುತ್ತದೆ, ಅದಕ್ಕೇ ದಡದಲ್ಲಿ ನಿಂತ ಯಾರಾದರೂ ಒಳಗೆ ನೋಡಿ, ಯಾರೂ ಇಲ್ಲ, ಹೋಗು, ಅಂತ ಹೇಳಲಿ ಅಂತ ಕಾಯುತ್ತದೆ.